ಫೋನು ಯಾರ ಕೈಯಲ್ಲಿದೆ?

(ಗಾವಡಗೆರೆಯಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಗಳಿಂದ ಗಾವಡಗೆರೆಯವರೆಗೆ ಬಂದು ಇಲ್ಲಿ ಕುಳಿತಿದ್ದೀರಿ. ನಿಮ್ಮಲ್ಲಿ ಹಲವರ ಮನೆಯಲ್ಲಾಗಲೀ, ನೆರೆಮನೆಯಲ್ಲಾಗಲೀ, ಬಂಧುಗಳಲ್ಲಾಗಲೀ ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರು ಒಬ್ಬರಾದರೂ ಇರಬಹುದು. ಸಕ್ಕರೆ ಕಾಯಿಲೆ ಮತ್ತು ಏರಿದ ರಕ್ತದೊತ್ತಡ ಇವೆರಡೇ ಈ ರೋಗದ ಮುಖ್ಯ ಕಾರಣಗಳು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಅದಕ್ಕೆ ಜೊತೆಯಾಗುತ್ತದೆ. ಆದರೆ ನಾವು ಇಂದು ಮಾತನಾಡಬೇಕೆಂದಿರುವುದು ರೋಗದ ಕಾರಣದ ಬಗ್ಗೆ ಅಲ್ಲ. ರೋಗ ಬಂದ ಮೇಲೆ ಆ ಮನೆಯವರು ಎಷ್ಟು ಒಂಟಿಯಾಗುತ್ತಾರೆ, ನಮ್ಮ ಕಿಸೆಯಲ್ಲಿರುವ ಮೊಬೈಲ್ ಫೋನು ಆ ಒಂಟಿತನವನ್ನು ಎಷ್ಟರ ಮಟ್ಟಿಗೆ ನೀಗಬಲ್ಲುದು ಎಂಬ ಬಗ್ಗೆ.

ಮೊದಲು ಒಂದು ಸರಳ ಲೆಕ್ಕ. ಯಂತ್ರದ ಮೂಲಕ ರಕ್ತ ಶುದ್ಧಿ ಮಾಡಿಸಿಕೊಳ್ಳುವ ರೋಗಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹೋಗಿ ಬರಲು 90. ವಾರಕ್ಕೆ 270. ವರ್ಷಕ್ಕೆ 14 ಸಾವಿರ ಕಿಲೋಮೀಟರ್ ಮೀರುತ್ತದೆ! ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಸರದಿ ಸಿಕ್ಕವರ ಪ್ರಯಾಣ ಕಡಿಮೆಯಾದೀತು, ನಿಜ. ಆದರೆ ಹಳ್ಳಿಯಿಂದ ತಾಲೂಕು ಕೇಂದ್ರಕ್ಕೂ ಬಸ್ಸೋ ಆಟೋವೋ ಹಿಡಿಯಲೇಬೇಕು. ರೋಗಿಯೊಬ್ಬರೇ ಹೋಗಲಾರರು, ಜೊತೆಗೆ ಇನ್ನೊಬ್ಬರ ದುಡಿಮೆಯೂ ವಾರಕ್ಕೆ ಮೂರು ದಿನ ನಿಲ್ಲುತ್ತದೆ. ದಿನಗೂಲಿಯ ಮನೆಯಲ್ಲಿ ವಾರಕ್ಕೆ ಮೂರು ದಿನದ ದುಡಿಮೆ ಎಂದರೆ ಅರ್ಧ ಬದುಕು. ಚಿಕಿತ್ಸೆ ಉಚಿತವಾದರೂ ಪ್ರಯಾಣ ಎಲ್ಲರಿಗೂ ಉಚಿತವಲ್ಲ, ಕಳೆದುಹೋದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಇದಕ್ಕೆ ಇನ್ನೊಂದು ದಾರಿ ಇದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದೇ ಇಲ್ಲ. ಅದುವೇ ಹೊಟ್ಟೆಯ ಮೂಲಕ ಮನೆಯಲ್ಲಿಯೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್. ನಮ್ಮ ಹೊಟ್ಟೆಯ ಒಳಭಾಗವನ್ನು ಹೊದ್ದಿರುವ ತೆಳುವಾದ ಪೊರೆಯೊಂದಿದೆ. ಅದರಲ್ಲಿ ಸೂಕ್ಷ್ಮ ರಕ್ತನಾಳಗಳು ತುಂಬಿವೆ. ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಗೆ ಮೃದುವಾದ ಕೊಳವೆಯನ್ನು ಇಡುತ್ತಾರೆ. ಅದರ ಮೂಲಕ ಸಾಮಾನ್ಯವಾಗಿ ಎರಡು ಲೀಟರ್ ದ್ರವವನ್ನು ಒಳಗೆ ಬಿಟ್ಟು, ಕೆಲವು ಗಂಟೆ ಇರಿಸಿ, ಹೊರಗೆ ಹರಿಸುತ್ತಾರೆ. ರಕ್ತದ ಕಲ್ಮಶವೂ ಹೆಚ್ಚಿನ ನೀರೂ ಆ ಪೊರೆಯ ಮೂಲಕ ದ್ರವಕ್ಕೆ ಇಳಿದು ಹೊರಬರುತ್ತವೆ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಚೀಲ ಬದಲಿಸಬೇಕು. ಪ್ರತಿ ಸಲಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಮೆರಿಕದಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬವರು 1976ರಲ್ಲಿ ಈ ವಿಧಾನವನ್ನು ರೂಪಿಸಿದರು. ಭಾರತಕ್ಕೆ ಅದು ಬಂದದ್ದು 1990ರ ದಶಕದ ಆರಂಭದಲ್ಲಿ. ಹಾಂಗ್‌ಕಾಂಗ್ 1985ರಿಂದಲೇ ಇದನ್ನು ಮೊದಲ ಆಯ್ಕೆಯನ್ನಾಗಿ ಮಾಡಿಕೊಂಡಿತು. ಇದಕ್ಕೆ ವಿದ್ಯುತ್ ಬೇಡ, ಚೀಲವನ್ನು ಎತ್ತರದಲ್ಲಿ ತೂಗುಹಾಕಿದರೆ ದ್ರವ ತಾನೇ ಇಳಿಯುತ್ತದೆ. ರಾತ್ರಿ ಮಲಗಿದಾಗ ಯಂತ್ರವೇ ದ್ರವ ಬದಲಿಸುವ ಇನ್ನೊಂದು ವಿಧಾನಕ್ಕೆ ಮಾತ್ರ ವಿದ್ಯುತ್ ಬೇಕು.

ಇದು ಎಲ್ಲರಿಗೂ ಹೊಂದುವ ಚಿಕಿತ್ಸೆಯಲ್ಲ ಎಂಬುದನ್ನೂ ಹೇಳಿಬಿಡಬೇಕು. ಹೊಟ್ಟೆಗೆ ದೊಡ್ಡ ಶಸ್ತ್ರಚಿಕಿತ್ಸೆಗಳಾದವರಿಗೆ, ಹರ್ನಿಯಾ ಇರುವವರಿಗೆ ತೊಡಕಾಗಬಹುದು. ದ್ರವದಲ್ಲಿ ಸಕ್ಕರೆಯ ಅಂಶ ಇರುವುದರಿಂದ ಮಧುಮೇಹಿಗಳು ಹೆಚ್ಚು ಜಾಗ್ರತೆ ವಹಿಸಬೇಕು. ಯಾರಿಗೆ ಯಾವುದು ಎಂಬುದನ್ನು ಕಿಡ್ನಿ ತಜ್ಞರೇ ನಿರ್ಧರಿಸಬೇಕು. ಆದರೆ "ನನಗೆ ಮನೆಯ ಡಯಾಲಿಸಿಸ್ ಆದೀತೇ?" ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಹಾಗಾದರೆ ಜನರು ಅದನ್ನು ಏಕೆ ಕೇಳುವುದಿಲ್ಲ? ನಾವು ಕಂಡಂತೆ, ಹಣಕ್ಕಿಂತಲೂ ಮೊದಲು ಅಡ್ಡ ಬರುವುದು ಭಯ. ಆಸ್ಪತ್ರೆಯಲ್ಲಾದರೆ ಸಿಸ್ಟರ್ ಇದ್ದಾರೆ, ವೈದ್ಯರಿದ್ದಾರೆ. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಏನಾದರೂ ಹೆಚ್ಚು ಕಡಿಮೆಯಾದರೆ ಯಾರನ್ನು ಕೇಳುವುದು? ಈ ಪ್ರಶ್ನೆ ನ್ಯಾಯವಾದುದೇ. ಏಕೆಂದರೆ ಈ ಚಿಕಿತ್ಸೆಯ ದೊಡ್ಡ ಶತ್ರು ಹೊಟ್ಟೆಯ ಪೊರೆಗೆ ತಗಲುವ ಸೋಂಕು. ಕೈ ಸರಿಯಾಗಿ ತೊಳೆಯದೆ, ಬಾಯಿಗೆ ಮಾಸ್ಕ್ ಕಟ್ಟದೆ, ಫ್ಯಾನ್ ನಿಲ್ಲಿಸದೆ, ಕಿಟಕಿ ಮುಚ್ಚದೆ ಕೊಳವೆಯನ್ನು ಬಿಚ್ಚಿದರೆ ಕ್ರಿಮಿ ಒಳಹೋಗಬಹುದು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್‌ಗಳ ಹೊಗೆ, ಸೊಪ್ಪಿನ ಪುಡಿ ಮನೆಯೊಳಗೂ ಬರುವ ನಮ್ಮ ಈ ಸೀಮೆಯಲ್ಲಿ ಚೀಲ ಬದಲಿಸಲು ಮುಚ್ಚಿದ, ಶುಭ್ರವಾದ ಒಂದು ಮೂಲೆ ಬೇಕೇ ಬೇಕು.

ಸೋಂಕು ತಗಲಿದಾಗ ಹೊರಬರುವ ದ್ರವವೇ ಮೊದಲ ಸಾಕ್ಷಿ. ಸಾಮಾನ್ಯವಾಗಿ ಅದು ತಿಳಿ ಹಳದಿಯಾಗಿ, ಪಾರದರ್ಶಕವಾಗಿರುತ್ತದೆ. ಚೀಲದ ಹಿಂದೆ ಈ ಪತ್ರಿಕೆಯಂತಹ ಅಚ್ಚಾದ ಹಾಳೆಯೊಂದನ್ನು ಹಿಡಿದರೆ ಅಕ್ಷರ ಓದಲು ಬರಬೇಕು. ಅಕ್ಷರ ಮಸುಕಾಗಿ, ದ್ರವ ಕದಡಿದ ಅಕ್ಕಿಗಂಜಿಯಂತೆ ಕಂಡರೆ ಅದು ಅಪಾಯದ ಸೂಚನೆ. ಹೊಟ್ಟೆನೋವು, ಜ್ವರ ಅದರ ಜೊತೆ ಬರಬಹುದು, ಕೆಲವೊಮ್ಮೆ ತಡವಾಗಿಯೂ ಬರಬಹುದು. ಅಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನುವಂತಿಲ್ಲ, ಅಂದೇ ಆಸ್ಪತ್ರೆ ಸೇರಿ ಔಷಧಿ ಆರಂಭವಾಗಬೇಕು.

ಸ್ಮಾರ್ಟ್‌ಫೋನಿನ ಕೆಲಸ ಇಲ್ಲಿ ಆರಂಭವಾಗುತ್ತದೆ. ಮನೆಯ ಡಯಾಲಿಸಿಸ್ ರೋಗಿಗಳಿಗಾಗಿ ರೂಪಿಸಿದ ಆ್ಯಪ್‌ಗಳು ಮಾಡುವುದೆಲ್ಲ ಬಹಳ ಸಾಮಾನ್ಯ ಕೆಲಸಗಳನ್ನೇ. ಇಂದು ಬೆಳಗ್ಗೆ ತೂಕ ಎಷ್ಟು? ರಕ್ತದೊತ್ತಡ ಎಷ್ಟು? ಒಳಗೆ ಬಿಟ್ಟ ದ್ರವ ಎಷ್ಟು, ಹೊರಬಂದದ್ದು ಎಷ್ಟು? ಇವನ್ನು ಬರೆದಿಟ್ಟುಕೊಂಡು ಆಸ್ಪತ್ರೆಗೆ ತಲುಪಿಸುತ್ತವೆ. ಎರಡು ಲೀಟರ್ ಒಳಹೋಗಿ ಒಂದೂವರೆಯೇ ಹೊರಬಂದರೆ, ತೂಕ ದಿನದಿಂದ ದಿನಕ್ಕೆ ಏರಿದರೆ, ದೇಹದಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಕಾಲು ಊದಿ, ಉಸಿರು ಕಟ್ಟುವವರೆಗೆ ಕಾಯದೆ ವೈದ್ಯರು ದ್ರವದ ಪ್ರಮಾಣವನ್ನೋ, ಸಾಂದ್ರತೆಯನ್ನೋ ಬದಲಿಸಬಹುದು. ಕೊಳವೆ ಹೊರಬರುವ ಜಾಗದ ಚಿತ್ರ ಕಳಿಸಿದರೆ ಕೆಂಪಾಗಿದೆಯೇ, ಕೀವು ಇದೆಯೇ ಎಂದು ನೋಡಬಹುದು. ಚೀಲದ ಚಿತ್ರ ಕಳಿಸಿದರೆ "ತಕ್ಷಣ ಬನ್ನಿ, ಆ ಚೀಲವನ್ನು ಎಸೆಯದೆ ಜೊತೆಗೆ ತನ್ನಿ" ಎಂದು ಹೇಳಬಹುದು. ಮಲಗುವಾಗ ನಡೆಯುವ ಯಂತ್ರದ ಡಯಾಲಿಸಿಸ್‌ನಲ್ಲಂತೂ ರಾತ್ರಿಯ ಲೆಕ್ಕವೆಲ್ಲ ಯಂತ್ರದಿಂದಲೇ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಬಂದಿದೆ. ಕೊಲಂಬಿಯ ದೇಶದ ರೋಗಿಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ದೂರದಿಂದಲೇ ನಿಗಾ ಇದ್ದವರು ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯಾಯಿತು ಎಂದು ಕಂಡುಕೊಂಡಿತು.

ಇವೆಲ್ಲ ಶ್ರೀಮಂತ ದೇಶಗಳ ಮಾತು ಎಂದುಕೊಳ್ಳಬೇಡಿ. ನಮ್ಮ ನೆರೆಯ ಹೈದರಾಬಾದಿನ ವೈದ್ಯರು ಹಳ್ಳಿಗಳಲ್ಲಿದ್ದ ತಮ್ಮ ಪೆರಿಟೋನಿಯಲ್ ಡಯಾಲಿಸಿಸ್ ರೋಗಿಗಳನ್ನು ಮೊಬೈಲ್ ಫೋನು, ಎಸ್ಸೆಮ್ಮೆಸ್, ಇಂಟರ್‌ನೆಟ್‌ಗಳ ಮೂಲಕ ನೋಡಿಕೊಂಡ ಅನುಭವವನ್ನು 2012ರಲ್ಲಿಯೇ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅಂದು ಇಂದಿನಂತಹ ಆ್ಯಪ್‌ಗಳ ಭರಾಟೆ ಇರಲಿಲ್ಲ. ಆದರೂ ಆ ಹಳ್ಳಿಯ ರೋಗಿಗಳು ಪಟ್ಟಣದವರಿಗಿಂತ ಹಿಂದೆ ಬೀಳಲಿಲ್ಲ. ಕಾರಣ ಸ್ಪಷ್ಟವಾಗಿತ್ತು. ಸಂದೇಶ ಬಂದಾಗ ಅದನ್ನು ನೋಡಿ ಉತ್ತರಿಸುವವರು ಅಲ್ಲಿದ್ದರು.

ಇನ್ನೂ ಹತ್ತಿರ ಬರೋಣ. 2002ರಲ್ಲಿ, ಅಂದು ಎಚ್.ಡಿ. ಕೋಟೆ ತಾಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಇಸ್ರೋದ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಹೃದಯ ರೋಗಿಯನ್ನು ಬೆಂಗಳೂರಿನ ತಜ್ಞರು ಪರದೆಯ ಮೇಲೆ ನೋಡಿ ಇಲ್ಲಿನ ವೈದ್ಯರಿಗೆ ಸಲಹೆ ಕೊಡುವ ವ್ಯವಸ್ಥೆ ಅದು. ದೂರದ ವೈದ್ಯಕೀಯ ಎಂಬುದು ಈ ಸೀಮೆಗೆ ಎರಡು ದಶಕಗಳಿಗಿಂತ ಹಳೆಯದು! ಅಂದು ಅದಕ್ಕೆ ಉಪಗ್ರಹವೂ ದೊಡ್ಡ ಆಂಟೆನಾವೂ ಬೇಕಾಗಿತ್ತು. ಇಂದು ಅದೇ ಕೆಲಸಕ್ಕೆ ಬೇಕಾದ ಉಪಕರಣ ಗಾವಡಗೆರೆಯ ಚಹಾದ ಅಂಗಡಿಯಲ್ಲಿ ಕುಳಿತ ಹುಡುಗನ ಕೈಯಲ್ಲಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿ, ನೋಂದಾಯಿತ ವೈದ್ಯರು ಫೋನು, ವೀಡಿಯೊ, ಸಂದೇಶಗಳ ಮೂಲಕ ಸಲಹೆ ಕೊಡುವುದಕ್ಕೆ ಸ್ಪಷ್ಟವಾದ ನಿಯಮಗಳನ್ನೂ ಕೊಟ್ಟಿತು. ತುರ್ತು ಸ್ಥಿತಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಕಳುಹಿಸಬೇಕಾದ ಹೊಣೆಯನ್ನೂ ಅದು ವೈದ್ಯರ ಮೇಲೆ ಇರಿಸಿದೆ. ಅಂದರೆ ಉಪಕರಣವೂ ಇದೆ, ನಿಯಮವೂ ಇದೆ. ಹಾಗಾದರೆ ಕೊರತೆ ಎಲ್ಲಿದೆ?

ನಮಗೆ ಪರಿಚಯದ ಕುಟುಂಬವೊಂದರ ಸಂಗತಿಯನ್ನು ಹೇಳುತ್ತೇವೆ. ಊರೂ ಹೆಸರೂ ಬೇಡ. ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದವರು ಅತ್ತೆ. ಚೀಲ ಬದಲಿಸುವ ತರಬೇತಿ ಪಡೆದವಳು ಸೊಸೆ. ಆಸ್ಪತ್ರೆಯವರು ಆ್ಯಪ್ ಹಾಕಿಕೊಟ್ಟದ್ದು ಮಗನ ಫೋನಿಗೆ. ಮಗ ಕೆಲಸಕ್ಕಾಗಿ ಕೊಡಗಿಗೆ ಹೋಗಿ ಬರುವವನು. ಒಂದು ಸಂಜೆ ಚೀಲದ ದ್ರವ ಕದಡಿ ಬಂತು. ಸೊಸೆ ಅದನ್ನು ಕೂಡಲೇ ಗುರುತಿಸಿದಳು, ಅವಳಿಗೆ ಕಲಿಸಿದ್ದೇ ಅದನ್ನು. ಆದರೆ ಚಿತ್ರ ತೆಗೆದು ಕಳಿಸಲು ಅವಳ ಬಳಿ ಫೋನಿರಲಿಲ್ಲ. ನೆರೆಮನೆಯಲ್ಲಿ ಕೇಳಲು ಸಂಕೋಚ, ಆಸ್ಪತ್ರೆಯ ನಂಬರು ಇದ್ದದ್ದು ಗಂಡನ ಫೋನಿನಲ್ಲಿ. ಗಂಡ ಮರುದಿನ ರಾತ್ರಿ ಮನೆಗೆ ಬಂದ, ಚಿತ್ರ ಹೋಯಿತು, ಉತ್ತರವೂ ಬಂತು. ಒಂದು ದಿನಕ್ಕಿಂತ ಹೆಚ್ಚು ಕಾಲ ಆ ತಾಯಿ ನೋವಿನಲ್ಲಿ ನರಳಿದರು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಹೊಟ್ಟೆಯ ಪೊರೆ ಕೆಟ್ಟು, ಮನೆಯ ಡಯಾಲಿಸಿಸ್ ನಿಂತಿತು. ಇಂದು ಅವರು ವಾರಕ್ಕೆ ಮೂರು ದಿನ ಬಸ್ಸು ಹತ್ತುತ್ತಾರೆ.

ಆ್ಯಪ್‌ನಲ್ಲಿ ದೋಷವಿತ್ತೇ? ಇರಲಿಲ್ಲ. ಸೊಸೆಯ ಕೈಯಲ್ಲಿ ದೋಷವಿತ್ತೇ? ಅವಳಷ್ಟು ಶುಚಿಯಾಗಿ ಆ ಕೆಲಸ ಮಾಡುವವರು ವಿರಳ. ದೋಷವಿದ್ದದ್ದು ನಮ್ಮ ಮನೆಗಳ ರೂಢಿಯಲ್ಲಿ. ಆರೈಕೆ ಹೆಣ್ಣಿನದು, ಫೋನು ಗಂಡಿನದು ಎಂಬ ರೂಢಿಯಲ್ಲಿ. ಹೆಣ್ಣುಮಕ್ಕಳ ಕೈಗೆ ಫೋನು ಕೊಟ್ಟರೆ ಕೆಟ್ಟು ಹೋಗುತ್ತಾರೆಂದು ಭಾಷಣ ಮಾಡುವವರು ನಮ್ಮಲ್ಲಿದ್ದಾರೆ. ಗಂಡುಮಕ್ಕಳು ಅದೇ ಫೋನಿನಲ್ಲಿ ರಾತ್ರಿ ಎರಡರವರೆಗೆ ಏನು ನೋಡುತ್ತಾರೆಂದು ಅವರು ಕೇಳುವುದಿಲ್ಲ. ಅತ್ತೆಯ ಹೊಟ್ಟೆಯ ಕೊಳವೆಯನ್ನು ನಂಬಿ ಒಪ್ಪಿಸಿದ ಸೊಸೆಗೆ ಒಂದು ಫೋನನ್ನು ನಂಬಿ ಒಪ್ಪಿಸಲಾರೆವೇ? ಇದು ಎಂಥ ವಿಪರ್ಯಾಸ! ಇದು ಮುಸ್ಲಿಮ್ ಮನೆಗಳ ಸಮಸ್ಯೆ ಮಾತ್ರವಲ್ಲ, ನೆರೆಯ ಎಲ್ಲ ಸಮುದಾಯಗಳದ್ದೂ ಹೌದು. ಆದರೆ ನಮ್ಮ ಮನೆಯ ಕಸವನ್ನು ನಾವೇ ಗುಡಿಸಬೇಕು.

ಇನ್ನು ಫೋನಿನ ಆಚೆ ತುದಿಗೆ ಬರೋಣ. ಈಚೆಯಿಂದ ಎಷ್ಟೇ ಚಿತ್ರ ಹೋದರೂ ಆಚೆ ನೋಡುವವರಿಲ್ಲದಿದ್ದರೆ ಆ ಆ್ಯಪ್ ಅಪಾಯಕಾರಿ. ಏಕೆಂದರೆ "ನಾವು ತಿಳಿಸಿಯಾಗಿದೆ" ಎಂಬ ಸುಳ್ಳು ನೆಮ್ಮದಿಯನ್ನು ಅದು ಮನೆಯವರಿಗೆ ಕೊಡುತ್ತದೆ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು 2016ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಯಿತು. 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂತು. ನೆರೆಯ ಕೇರಳವು ಮನೆಯಲ್ಲಿಯೇ ಮಾಡಿಕೊಳ್ಳುವ ಈ ಚಿಕಿತ್ಸೆಯನ್ನು ಸರಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ನೀಡುವ ಯೋಜನೆಯನ್ನು ಕೈಗೊಂಡಿತು. ನಮ್ಮ ಸರಕಾರಗಳಿಗೆ ಯಂತ್ರ ಉದ್ಘಾಟಿಸುವುದು ಇಷ್ಟ, ಏಕೆಂದರೆ ಯಂತ್ರಕ್ಕೆ ರಿಬ್ಬನ್ ಕಟ್ಟಬಹುದು. ರಾತ್ರಿ ಫೋನೆತ್ತುವ ಸಿಸ್ಟರ್‌ಗೆ ರಿಬ್ಬನ್ ಕಟ್ಟಲಾಗುವುದಿಲ್ಲ. ಆದುದರಿಂದ ನಮ್ಮ ಶಾಸಕರ ಮುಂದೆ, ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ನಾವು ಇಡಬೇಕಾದ ಬೇಡಿಕೆ ಸ್ಪಷ್ಟವಾಗಿರಲಿ. ಮನೆಯ ಡಯಾಲಿಸಿಸ್‌ಗೆ ತರಬೇತಿ ಪಡೆದ ಸಿಸ್ಟರ್ ಬೇಕು, ಹಗಲೂ ರಾತ್ರಿ ಉತ್ತರ ಸಿಗುವ ಒಂದು ನಂಬರು ಬೇಕು, ದ್ರವದ ಚೀಲಗಳು ತಿಂಗಳು ತಿಂಗಳೂ ಮನೆ ಬಾಗಿಲಿಗೆ ತಲುಪಬೇಕು. ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಚೀಲಗಳು, ಅಂದರೆ 240 ಲೀಟರ್ ದ್ರವ. ಇದನ್ನು ಬಸ್ಸಿನಲ್ಲಿ ಹೊತ್ತು ತರಲಾಗದು.

ಆ್ಯಪ್ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಚಿತ್ರಗಳಲ್ಲಿಯೂ ಧ್ವನಿಯಲ್ಲಿಯೂ ಇರಬೇಕು. ನಾಗರಹೊಳೆ, ಬಂಡೀಪುರದ ಕಾಡಂಚಿನ ಊರು ಹಾಡಿಗಳಲ್ಲಿ ಸಿಗ್ನಲ್ ಸಿಗದ ಜಾಗಗಳಿವೆ. ಅಂಥ ಕಡೆ ಬರೆದದ್ದು ಫೋನಿನಲ್ಲಿಯೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗುವಂತಿರಬೇಕು. ಇದರ ಜೊತೆ ಒಂದು ನೋಟ್ ಬುಕ್ಕೂ ಇರಲಿ. ಫೋನು ಕೆಟ್ಟರೂ ಲೆಕ್ಕ ಕೆಡಬಾರದು.

ಫೋನಿನಿಂದ ಆಗುವ ಕೇಡನ್ನೂ ಹೇಳದೆ ಹೋದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಿಡ್ನಿ ರೋಗಿಯ ರಿಪೋರ್ಟು, ಹೊಟ್ಟೆಯ ಚಿತ್ರ, ಮನೆಯ ವಿಳಾಸ, ಬ್ಯಾಂಕ್ ಖಾತೆ ಎಲ್ಲವನ್ನೂ ಸೇರಿಸಿ "ಎಲ್ಲರಿಗೂ ಕಳಿಸಿ" ಎಂದು ವಾಟ್ಸಾಪ್‌ನಲ್ಲಿ ಹರಿಬಿಡುತ್ತೇವೆ. ನೆರವು ಕೇಳುವುದು ತಪ್ಪಲ್ಲ. ಆದರೆ ಒಬ್ಬ ತಾಯಿಯ ದೇಹದ ಚಿತ್ರ ಊರೂರು ಸುತ್ತುವುದು ಅವರ ಮಾನಕ್ಕೆ ಸಲ್ಲದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೂ ಬಂದಿದೆ. ಕಾನೂನಿಗಿಂತ ಮೊದಲೇ ರೋಗಿಯ ಮಾನ ಕಾಪಾಡಬೇಕೆಂಬ ವಿವೇಕ ನಮಗಿರಬೇಕು. ಚಿತ್ರ ಆಸ್ಪತ್ರೆಗೆ ಮಾತ್ರ ಹೋಗಲಿ. ಎರಡನೆಯದಾಗಿ, ಯಾವುದೋ ಬೇರು, ಯಾವುದೋ ಪುಡಿ ತಿಂದರೆ ಡಯಾಲಿಸಿಸ್ ನಿಲ್ಲಿಸಬಹುದು ಎಂಬ ಸಂದೇಶಗಳು ಅದೇ ಫೋನಿಗೆ ಬರುತ್ತವೆ. ಅವನ್ನು ನಂಬಿ ಚೀಲ ಬಿಟ್ಟವರಿಗೆ ಪ್ರಾಣವೇ ಬೆಲೆಯಾದೀತು. ಅಂಥ ಸಂದೇಶವನ್ನು ಮುಂದೆ ಕಳಿಸುವವನೂ ಆ ಕೇಡಿನಲ್ಲಿ ಪಾಲುದಾರನೇ.

ರಮಝಾನ್‌ನಲ್ಲಿ ಕೆಲವರು ಉಪವಾಸಕ್ಕಾಗಿ ಹಗಲಿನ ಚೀಲಗಳನ್ನು ತಾವಾಗಿಯೇ ಬಿಡುತ್ತಾರೆ. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ಕೊಟ್ಟಿರುವಾಗ, ವೈದ್ಯರನ್ನೂ ವಿದ್ವಾಂಸರನ್ನೂ ಕೇಳದೆ ಪ್ರಾಣವನ್ನು ಅಪಾಯಕ್ಕೊಡ್ಡುವ ಹಕ್ಕು ನಮಗಿಲ್ಲ. ದಾನದ ವಿಷಯದಲ್ಲಿಯೂ ಒಂದು ಮಾತು. ಶುಕ್ರವಾರ ಮಸೀದಿಯ ಬಾಗಿಲಲ್ಲಿ ರೋಗಿಗಾಗಿ ಚಾದರ ಹಿಡಿದಾಗ ನಾವು ಉದಾರಿಗಳೇ. ಆದರೆ ಡಯಾಲಿಸಿಸ್ ಎಂಬುದು ಒಂದು ಶುಕ್ರವಾರದ ಖರ್ಚಲ್ಲ, ಕಸಿ ಆಗುವವರೆಗೆ ಅಥವಾ ಬದುಕಿರುವವರೆಗಿನ ಖರ್ಚು. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಒಂದೆರಡು ರೋಗಿಗಳ ತಿಂಗಳ ಹೊಣೆಯನ್ನು ವಹಿಸಿಕೊಳ್ಳಲಿ, ಅವರು ಯಾವ ಧರ್ಮದವರೇ ಆಗಿರಲಿ. ದುಬಾರಿಯಾದ ಯಾವುದನ್ನೂ ನಾವು ಕೇಳುತ್ತಿಲ್ಲ. ಒಂದು ತೂಕದ ಯಂತ್ರ, ಒಂದು ರಕ್ತದೊತ್ತಡದ ಯಂತ್ರ, ಆರೈಕೆ ಮಾಡುವ ಹೆಣ್ಣಿನ ಹೆಸರಿನಲ್ಲಿ ಒಂದು ಫೋನು, ಅದಕ್ಕೆ ತಿಂಗಳ ರೀಚಾರ್ಜು.

ಯುವಕರಿಗೂ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೂ ನಮ್ಮದೊಂದು ವಿನಂತಿ. ನಿಮ್ಮ ಬೀದಿಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ವಾರಕ್ಕೊಮ್ಮೆ ಹೋಗಿ. ಚೀಲವನ್ನು ನೀವು ಮುಟ್ಟಬೇಕಾಗಿಲ್ಲ, ಅದಕ್ಕೆ ತರಬೇತಿ ಬೇಕು. ಫೋನಿನಲ್ಲಿ ಜಾಗ ತುಂಬಿದೆಯೇ, ಆ್ಯಪ್ ತೆರೆಯುತ್ತದೆಯೇ, ಚಿತ್ರ ಹೋಗುತ್ತದೆಯೇ, ಆಸ್ಪತ್ರೆಯ ನಂಬರನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದೆಯೇ, ಇಷ್ಟನ್ನು ನೋಡಿ ಬನ್ನಿ. ಚಹಾ ಕೊಟ್ಟರೆ ಕುಡಿಯಿರಿ, ಸ್ವಲ್ಪ ಹೊತ್ತು ಕುಳಿತು ಮಾತನಾಡಿ. ಯಾವ ಆ್ಯಪ್ ಕೂಡ ಆ ಕೆಲಸ ಮಾಡಲಾರದು.

ಕೊನೆಯದಾಗಿ, ಇಂದು ಮನೆಗೆ ಹೋದ ಕೂಡಲೇ ಪ್ರತಿಯೊಬ್ಬ ಗಂಡಸೂ ತನ್ನನ್ನೇ ಕೇಳಿಕೊಳ್ಳಲಿ. ನಾಳೆ ನಾನು ಊರಲ್ಲಿಲ್ಲದಾಗ ನನ್ನ ತಾಯಿಗೆ ಏನಾದರೂ ಆದರೆ, ಅವರ ಪಕ್ಕದಲ್ಲಿರುವವರ ಕೈಯಲ್ಲಿ ಫೋನು ಇದೆಯೇ? ಆ ಫೋನಿನಲ್ಲಿ ವೈದ್ಯರ ನಂಬರು ಇದೆಯೇ? ಇಲ್ಲವಾದರೆ ನಿಮ್ಮ ಹೆಂಡತಿಯನ್ನೋ, ಮಗಳನ್ನೋ, ಸೊಸೆಯನ್ನೋ ಕರೆದು ಇಂದೇ ಅದನ್ನು ಅವರ ಕೈಗೆ ಕೊಡಿ. ಎಲ್ಲ ರೋಗಿಗಳಿಗೂ ಅಲ್ಲಾಹನು ಶಿಫಾ ಕರುಣಿಸಲಿ. ರಾತ್ರಿ ಎದ್ದು ಚೀಲ ಬದಲಿಸುವ ಆ ಕೈಗಳಿಗೆ ಅವನು ಬಲ ಕೊಡಲಿ.